ಹಾಯಿಹಡಗಿನ ಮರಿದೋಣಿ

ಸಮುದ್ರಯಾನದ ಕಥೆಗಳನ್ನು ಓದುವವರ ಕಣ್ಣು ಸಾಮಾನ್ಯವಾಗಿ ದೊಡ್ಡ ಹಡಗಿನ ಮೇಲೆಯೇ ನೆಟ್ಟಿರುತ್ತದೆ. ಕೂವೆಮರದ ಎತ್ತರ, ಹಾಯಿಯ ಬಿಳುಪು, ಬಿರುಗಾಳಿಯ ಆರ್ಭಟ, ನಾವಿಕನ ಎದೆಗಾರಿಕೆ—ಇವು ಬರೆಯುವವನಿಗೂ ಓದುವವನಿಗೂ ಸಮಾನವಾಗಿ ಪ್ರಿಯವಾದ ಸಂಗತಿಗಳು. ಆದರೆ ಹಡಗು ದಡದಿಂದ ದೂರದಲ್ಲಿ ಲಂಗರು ಹಾಕಿ ನಿಂತ ಮೇಲೆ ನಾವಿಕನು ನೆಲವನ್ನು ಮುಟ್ಟುವುದು ಹೇಗೆ? ಕುಡಿಯುವ ನೀರು, ಅಕ್ಕಿ, ಎಣ್ಣೆ, ಕಾಗದಪತ್ರ ಇವೆಲ್ಲ ಹಡಗನ್ನು ಸೇರುವುದು ಯಾವುದರಿಂದ? ಹತ್ತು ಹನ್ನೊಂದು ಮೀಟರು ಉದ್ದದ ಹಾಯಿಹಡಗು ತೇಲಬೇಕಾದರೆ ಹೆಚ್ಚು ಕಡಮೆ ಆಳುದ್ದದ ನೀರು ಬೇಕು. ಅದು ಮರಳಿಗೆ ಮೂಗು ತಾಗಿಸುವಂತಿಲ್ಲ. ಹಡಗಿಗೂ ನೆಲಕ್ಕೂ ನಡುವೆ ಉಳಿಯುವ ಆ ನೂರಿನ್ನೂರು ಗಜಗಳ ನೀರನ್ನು ದಾಟಿಸುವುದು ಅದರ ಮರಿದೋಣಿ. ಇಂಗ್ಲಿಷರು ಅದನ್ನು ಡಿಂಗಿ ಎನ್ನುತ್ತಾರೆ.

ಈ ಹೆಸರು ಅವರ ಸ್ವಂತ ಆಸ್ತಿಯಲ್ಲ. ಬಂಗಾಳದ ನದಿಗಳಲ್ಲಿ ಓಡಾಡುವ ಪುಟ್ಟ ದೋಣಿಗೆ ‘ಡಿಂಗಿ’ ಎಂಬ ಹೆಸರು ಹಿಂದಿನಿಂದಲೂ ಇದೆ. ಹಿಂದಿಯಲ್ಲಿಯೂ ಅದೇ ಮಾತು. ತಮಿಳರ ‘ಕಟ್ಟುಮರಂ’ ಹೇಗೆ ಜಗತ್ತಿನ ನಾವಿಕರ ನಾಲಗೆಯನ್ನು ಏರಿತೋ ಹಾಗೆಯೇ ಬಂಗಾಳದ ಡಿಂಗಿಯೂ ಸಮುದ್ರವನ್ನು ದಾಟಿ ಹೋಯಿತು. ನಮ್ಮ ಕರಾವಳಿಯ ಪಾತಿದೋಣಿಯನ್ನೋ ತುಂಗಭದ್ರೆಯ ಹರಿಗೋಲನ್ನೋ ಬಲ್ಲವರಿಗೆ ಇಂಥ ಕಿರುನಾವೆಯ ಸ್ವಭಾವವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಒಬ್ಬನೇ ಬೆನ್ನಿಗೇರಿಸಿಕೊಂಡು ನಡೆಯಬಲ್ಲಷ್ಟು ಹಗುರವಾಗಿರಬೇಕು. ಆದರೂ ನೀರಿಗಿಳಿದಾಗ ನಾಲ್ವರ ಭಾರವನ್ನು ತಾಳಬೇಕು. ಈ ಎರಡು ಬೇಡಿಕೆಗಳ ಜಗಳವೇ ಮರಿದೋಣಿಯ ಆಯ್ಕೆಯ ಸಮಸ್ತ ಸಮಸ್ಯೆ.

ಈ ಜಗಳವನ್ನು ಗರಗಸದಿಂದ ಬಗೆಹರಿಸಿದವನು ಜೋಷುವಾ ಸ್ಲೋಕಮ್. ಒಂಟಿಯಾಗಿ ಭೂಮಂಡಲವನ್ನು ಹಾಯಿಯಲ್ಲಿ ಸುತ್ತಿದ ಮೊದಲನೆಯ ಮನುಷ್ಯನೀತ. ೧೮೯೫ರ ಏಪ್ರಿಲಿನಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟು, ೧೮೯೮ರ ಜೂನಿನಲ್ಲಿ ಸ್ವದೇಶಕ್ಕೆ ಮರಳಿದನು. ಅವನ ‘ಸ್ಪ್ರೇ’ ಹಡಗಿನ ಉದ್ದ ೩೬ ಅಡಿ ೯ ಅಂಗುಲ. ಅದರ ಅಟ್ಟದ ಮೇಲೆ ಇಡೀ ದೋಣಿಯೊಂದನ್ನು ಇಡಲು ಸ್ಥಳವಿರಲಿಲ್ಲ. ಇಟ್ಟರೂ ಒಬ್ಬನೇ ಎತ್ತಿ ಇಳಿಸುವುದು ಸಾಧ್ಯವಿರಲಿಲ್ಲ. ಗ್ಲೌಸೆಸ್ಟರ್ ಬಂದರಿನಲ್ಲಿ ಮೀನುಗಾರರು ಬಿಸುಟ ಹಳೆಯ ಡೋರಿ ದೋಣಿಯೊಂದು ಅವನಿಗೆ ಸಿಕ್ಕಿತು. ಅದನ್ನು ಅಡ್ಡಲಾಗಿ ಎರಡು ತುಂಡು ಮಾಡಿಸಿ, ಕತ್ತರಿಸಿದ ಬಾಯಿಗೆ ಹಲಗೆ ಹೊಡೆಸಿದನು. ಅರ್ಧದೋಣಿ ಸಿದ್ಧವಾಯಿತು. ಹಾಯಿಯನ್ನು ಏರಿಸುವ ಹಗ್ಗದಿಂದಲೇ ಅದನ್ನು ಎತ್ತಬಹುದಾಗಿತ್ತು. ಬಟ್ಟೆ ಒಗೆಯುವುದಕ್ಕೂ ಸ್ನಾನಕ್ಕೂ ಅದೇ ತೊಟ್ಟಿಯಾಯಿತು. ಜಿಪುಣತನವೂ ಜಾಣತನವೂ ಒಂದಾದ ಈ ಏರ್ಪಾಟನ್ನು ಮೆಚ್ಚದಿರುವುದು ಕಷ್ಟ.

ಆದರೆ ಅರ್ಧದೋಣಿಗೆ ಅರ್ಧದೋಣಿಯ ಮಿತಿಯೂ ಉಂಟು. ೧೮೯೫ರ ಡಿಸೆಂಬರಿನಲ್ಲಿ ಉರುಗ್ವೆಯ ತೀರದಲ್ಲಿ ‘ಸ್ಪ್ರೇ’ ಮರಳಿಗೆ ಹತ್ತಿತು. ಇಂಥ ಸಂದರ್ಭದಲ್ಲಿ ನಾವಿಕನು ಮಾಡುವುದು ಒಂದೇ: ಲಂಗರನ್ನು ಮರಿದೋಣಿಯಲ್ಲಿ ಹೇರಿಕೊಂಡು ಆಳದ ನೀರಿಗೆ ಒಯ್ದು ಬಿಡುವುದು, ಅನಂತರ ಅದರ ಹಗ್ಗವನ್ನು ಜಗ್ಗಿ ಹಡಗನ್ನು ಎಳೆದುಕೊಳ್ಳುವುದು. ಸ್ಲೋಕಮ್ ಹಾಗೆಯೇ ಮಾಡಿದನು. ಲಂಗರಿನ ಭಾರಕ್ಕೆ ಕುಸಿದಿದ್ದ ಅರ್ಧದೋಣಿಗೆ ಅಲೆಗಳ ನೀರು ನುಗ್ಗಿತು. ಲಂಗರನ್ನು ಎತ್ತಿ ಹೊರಗೆಸೆದ ಕ್ಷಣದಲ್ಲಿಯೇ ದೋಣಿ ಮಗುಚಿತು. ಅದರ ಅಂಚನ್ನು ಹಿಡಿದು ತೇಲುತ್ತಿದ್ದಾಗ ಆ ಮಹಾನಾವಿಕನಿಗೆ ತನಗೆ ಈಜು ಬಾರದೆಂಬುದು ನೆನಪಾಯಿತು! ದೋಣಿಯನ್ನು ನೆಟ್ಟಗೆ ಮಾಡಲು ಹೋದರೆ ಅದು ಪೂರ್ತಿ ಉರುಳಿ ಮತ್ತೆ ಬೋರಲಾಗುತ್ತಿತ್ತು. ಹಲವು ಸಲ ಸೋತ ಮೇಲೆ ಕೊನೆಗೊಮ್ಮೆ ಅದು ಮೇಲ್ಮುಖವಾಯಿತು. ಕೈಗೆ ಸಿಕ್ಕ ಹುಟ್ಟಿನಿಂದ ಹೇಗೋ ದಡ ಸೇರಿದನು. ಮೂರು ಮಹಾಸಾಗರಗಳನ್ನು ದಾಟಲಿದ್ದವನ ಕಥೆ ದಡದ ಬಳಿಯಲ್ಲಿ ಮರಿದೋಣಿಯೊಂದರ ಕೆಳಗೆ ಮುಗಿದುಹೋಗುವುದರಲ್ಲಿತ್ತು.

ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ದೊಡ್ಡ ಸಮುದ್ರದಲ್ಲಿ ನಾವಿಕನು ಎಚ್ಚರವಾಗಿರುತ್ತಾನೆ. ದಡ ಕಂಡಾಗ ಮೈಮರೆಯುತ್ತಾನೆ. ರಾತ್ರಿ ಊಟ ಮುಗಿಸಿಕೊಂಡು, ಸಾಮಾನು ಹೇರಿಕೊಂಡು, ‘ಇನ್ನೊಬ್ಬರು ಕುಳಿತರೆ ಏನಾದೀತು’ ಎಂದು ಕತ್ತಲೆಯಲ್ಲಿ ಹಡಗಿಗೆ ಮರಳುವ ಹೊತ್ತೇ ಅಪಾಯದ ಹೊತ್ತು.

ಎಷ್ಟು ಭಾರ ಹೆಚ್ಚು ಎಂಬುದನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಹುದು. ಆರ್ಕಿಮಿಡೀಸನ ಸೂತ್ರ ಇಲ್ಲಿ ಪರೀಕ್ಷೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ೨.೪ ಮೀಟರು ಉದ್ದ, ೧.೨ ಮೀಟರು ಅಗಲದ ಪುಟ್ಟ ದೋಣಿ ನೀರಿನ ಮೇಲೆ ಆವರಿಸುವ ವಿಸ್ತೀರ್ಣವನ್ನು ಸುಮಾರಾಗಿ ೨ ಚದರ ಮೀಟರು ಎಂದು ಹಿಡಿಯೋಣ. ಅದು ಒಂದು ಸೆಂಟಿಮೀಟರು ಮುಳುಗಿದರೆ ೨೦ ಲೀಟರು ನೀರನ್ನು ಪಕ್ಕಕ್ಕೆ ತಳ್ಳುತ್ತದೆ; ಎಂದರೆ ಪ್ರತಿ ೨೦ ಕಿಲೋ ಭಾರಕ್ಕೆ ಒಂದು ಸೆಂಟಿಮೀಟರು ಇಳಿಯುತ್ತದೆ. ಮೂವರು ಮನುಷ್ಯರೂ ಅವರ ಗಂಟುಮೂಟೆಯೂ ಸೇರಿ ೨೫೦ ಕಿಲೋ ಆದರೆ ಹನ್ನೆರಡೂವರೆ ಸೆಂಟಿಮೀಟರು ಕುಸಿಯಿತು. ನಾಲ್ಕನೆಯವನು ಹತ್ತಿದರೆ ಮತ್ತೆ ಮೂರೂವರೆ. ದೋಣಿಯ ಅಂಚಿಗೂ ನೀರಿಗೂ ನಡುವೆ ಉಳಿದ ಅಂತರವೇ ಬದುಕಿನ ಅಂತರ. ಕೆರೆಯ ನೀರಿನಲ್ಲಿ ಸಾಕಾದೀತೆನಿಸಿದ ಈ ಅಂತರ, ಅಳಿವೆಯ ಬಾಯಿಯಲ್ಲಿ ಒಂದೇ ಅಲೆಗೆ ಇಲ್ಲದಂತಾಗುತ್ತದೆ.

ಹಾಗಾದರೆ ದೊಡ್ಡ ದೋಣಿಯನ್ನೇ ಇಟ್ಟುಕೊಳ್ಳಬಾರದೇಕೆ? ಅಟ್ಟದ ಮೇಲೆ ಸ್ಥಳವಿಲ್ಲ. ಹಿಂದುಗಡೆ ಕಬ್ಬಿಣದ ತೋಳುಗಳಿಗೆ ತೂಗುಹಾಕಬಹುದು. ಬಂದರಿನಲ್ಲಿ ಇದು ಬಹು ಅನುಕೂಲ. ಆದರೆ ಹಿಂದಿನಿಂದ ಅಟ್ಟಿಸಿಕೊಂಡು ಬರುವ ಮಹಾತರಂಗವೊಂದು ಅದನ್ನು ತುಂಬಿದರೆ ತೋಳುಗಳು ಮುರಿಯುತ್ತವೆ. ಹಗ್ಗ ಕಟ್ಟಿ ಎಳೆದೊಯ್ಯೋಣವೆಂದರೆ, ಸಮುದ್ರ ಏರಿದಾಗ ಮರಿದೋಣಿ ಅಲೆಯ ಇಳಿಜಾರಿನಲ್ಲಿ ಜಾರಿಬಂದು ತಾಯಿಹಡಗಿನ ಬೆನ್ನಿಗೆ ಗುದ್ದುತ್ತದೆ. ಇಲ್ಲವೆ ನೀರು ತುಂಬಿಕೊಂಡು ಹಗ್ಗವನ್ನು ಹರಿದುಕೊಳ್ಳುತ್ತದೆ. ಆದುದರಿಂದ ದೂರಯಾನಿಗಳು ಅಳತೆಪಟ್ಟಿಯನ್ನು ಮೊದಲು ಹಿಡಿಯುವುದು ದೋಣಿಯಂಗಡಿಯಲ್ಲಲ್ಲ, ತಮ್ಮ ಹಡಗಿನ ಅಟ್ಟದ ಮೇಲೆ.

ಸ್ಥಳಾಭಾವಕ್ಕೆ ಮದ್ದು ಹುಡುಕಿದವರು ಅನೇಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಎಡ್ವರ್ಡ್ ಬರ್ಥನ್ ಎಂಬ ಇಂಗ್ಲಿಷ್ ಪಾದ್ರಿ ಕ್ಯಾನ್ವಾಸಿನ ಮಡಿಸುವ ದೋಣಿಯನ್ನು ರಚಿಸಿದನು. ಈಚಿನ ಕಾಲದಲ್ಲಿ ಎರಡು ತುಂಡಿನ ದೋಣಿಗಳು ಬಂದಿವೆ. ಮುಂದಿನ ಅರ್ಧವನ್ನು ಹಿಂದಿನ ಅರ್ಧದೊಳಗೆ ಪಾತ್ರೆಯೊಳಗೆ ಪಾತ್ರೆಯಂತೆ ಇಡಬಹುದು. ಬೇಕಾದಾಗ ಬೋಲ್ಟು ಬಿಗಿದು ಒಂದು ಮಾಡಬಹುದು. ಸ್ಲೋಕಮ್ ಬಿಟ್ಟುಬಂದ ಇನ್ನೊಂದು ಅರ್ಧವೂ ಹೀಗೆ ಕೊನೆಗೆ ಹಡಗನ್ನು ಸೇರಿತೆನ್ನಬಹುದು. ಕೈಯಾರೆ ಕಟ್ಟುವವರಿಗೆ ೧೯೬೦ರ ದಶಕದ ಆರಂಭದಲ್ಲಿ ಹೊಸ ದಾರಿಯೊಂದು ತೆರೆಯಿತು. ಇಂಗ್ಲೆಂಡಿನ ‘ಡೈಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ರೂಪಿಸಿದ ‘ಮಿರರ್’ ದೋಣಿಯಲ್ಲಿ ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಕೀಲುಗಳಿಗೆ ಫೈಬರ್‌ಗ್ಲಾಸ್ ಪಟ್ಟಿಯನ್ನು ಅಂಟಿಸುತ್ತಿದ್ದರು. ಬಡಗಿಯಲ್ಲದವನೂ ತನ್ನ ಮನೆಯ ಹಜಾರದಲ್ಲಿ ದೋಣಿ ಕಟ್ಟುವಂತಾಯಿತು. ಅದರ ಮೂತಿ ಮೊಂಡು. ನೋಟಕ್ಕೆ ಚೆಲುವಲ್ಲವಾದರೂ ಮೊಂಡುಮೂತಿಯ ದೋಣಿ ಅಷ್ಟೇ ಉದ್ದದ ಚೂಪುಮೂತಿಯದಕ್ಕಿಂತ ಹೆಚ್ಚು ಹೊರುತ್ತದೆ. ಮರಿದೋಣಿಗೆ ಬೇಕಾದುದು ಚೆಲುವಿಗಿಂತ ಈ ಗುಣವೇ.

ಇವೆಲ್ಲವುಗಳಿಗೆ ಎದುರಾಳಿಯಾಗಿ ನಿಂತಿರುವುದು ಗಾಳಿ ತುಂಬುವ ರಬ್ಬರುದೋಣಿ. ಗಾಳಿ ಬಿಟ್ಟರೆ ಚಾಪೆಯಂತೆ ಸುತ್ತಿ ಮೂಲೆಗಿಡಬಹುದು. ಅದರ ಕೊಬ್ಬಿದ ಪಕ್ಕೆಗಳು ತಾಯಿಹಡಗಿನ ಬಣ್ಣವನ್ನು ಕೆರೆಯವು. ಅಂಚಿನ ಮೇಲೆ ಕಾಲಿಟ್ಟರೂ ಮಗುಚದು. ನೀರಿನಿಂದ ಮೇಲೇರುವುದೂ ಸುಲಭ. ದೋಷವೂ ಅಷ್ಟೇ ದೊಡ್ಡದು. ಹುಟ್ಟು ಹಾಕಿದರೆ ಅದು ಮಾತು ಕೇಳುವುದಿಲ್ಲ. ನೀರಿನಲ್ಲಿ ಹಿಡಿತವಿಲ್ಲದೆ, ಗಾಳಿಗೆ ಮೈಯೊಡ್ಡಿ, ಎದುರುಗಾಳಿಯಲ್ಲಿ ಹಿಂದಕ್ಕೇ ಸರಿಯುತ್ತದೆ. ಕಪ್ಪೆಚಿಪ್ಪು, ಹವಳದ ಬಂಡೆಗಳು ಅದರ ಶತ್ರುಗಳು. ನಮ್ಮಂಥ ಉಷ್ಣದೇಶದ ಬಿಸಿಲಿನಲ್ಲಿ ಅಗ್ಗದ ಪಿ.ವಿ.ಸಿ. ಬಟ್ಟೆಯ ದೋಣಿ ಬೇಗ ಜೀರ್ಣವಾಗುತ್ತದೆ. ಹೈಪಲಾನ್ ಎಂದು ಹೆಸರಾದ ಕೃತಕ ರಬ್ಬರಿನದು ಬೆಲೆ ಹೆಚ್ಚಾದರೂ ಹೆಚ್ಚು ಕಾಲ ಬಾಳುತ್ತದೆ.

ಗಟ್ಟಿ ದೋಣಿಗೂ ರಬ್ಬರುದೋಣಿಗೂ ಮದುವೆ ಮಾಡಿಸಿದುದು ಒಂದು ವಿದ್ಯಾಶಾಲೆ ಎಂಬುದು ಅಧ್ಯಾಪಕರಿಗೆ ಸಂತೋಷ ಕೊಡುವ ಸಂಗತಿ. ವೇಲ್ಸ್ ತೀರದಲ್ಲಿ ೧೯೬೨ರಲ್ಲಿ ಪ್ರಾರಂಭವಾದ ಅಟ್ಲಾಂಟಿಕ್ ಕಾಲೇಜಿನ ಮುಖ್ಯಸ್ಥನಾಗಿದ್ದ ಡೆಸ್ಮಂಡ್ ಹೋರ್ ನೌಕಾಪಡೆಯಿಂದ ಬಂದವನು. ಅಲ್ಲಿನ ಕಲ್ಲುದಡದಲ್ಲಿ ರಬ್ಬರುದೋಣಿಗಳ ತಳ ಸವೆದು ಹರಿಯುತ್ತಿತ್ತು. ಹೋರ್ ಮತ್ತು ಅವನ ವಿದ್ಯಾರ್ಥಿಗಳು ತಳಕ್ಕೆ ಪ್ಲೈವುಡ್ ಹಚ್ಚಿ ನೋಡಿದರು. ವರ್ಷಾನುಗಟ್ಟಲೆ ತಿದ್ದಿ ತೀಡಿದರು. ಗಟ್ಟಿ ತಳ, ಗಾಳಿಯ ಪಕ್ಕೆ—ಈ ಜೋಡಣೆಯ ಹಕ್ಕನ್ನು ೧೯೭೩ರಲ್ಲಿ ಬ್ರಿಟನ್ನಿನ ಜೀವರಕ್ಷಕ ದೋಣಿಸಂಸ್ಥೆಗೆ ಕೇವಲ ಒಂದು ಪೌಂಡಿಗೆ ಕೊಟ್ಟುಬಿಟ್ಟರು. ಇಂದು ಲೋಕದ ಬಂದರುಗಳಲ್ಲೆಲ್ಲ ಓಡಾಡುವ ವೇಗದ ರಬ್ಬರುದೋಣಿಗಳು ಈ ಜಾತಿಯವೇ.

ಇದಕ್ಕೂ ಬೆಲೆ ತೆರಬೇಕು. ಮೂರು ಮೀಟರಿನ ಇಂಥ ದೋಣಿ ಯಂತ್ರವಿಲ್ಲದೆಯೇ ೫೦ ಕಿಲೋ ಆಸುಪಾಸಿನಲ್ಲಿ ತೂಗುತ್ತದೆ. ಇಬ್ಬರನ್ನು ಹೊತ್ತು ನೀರಿನ ಮೇಲೆ ಜಾರುತ್ತ ಓಡಬೇಕಾದರೆ ಹತ್ತು ಹದಿನೈದು ಅಶ್ವಶಕ್ತಿಯ ಯಂತ್ರ ಬೇಕು; ಅದರ ಭಾರ ಬೇರೆ. ದಂಪತಿಗಳಿಬ್ಬರೇ ಇರುವ ಹಡಗಿನಲ್ಲಿ ಅಲುಗಾಡುವ ಅಟ್ಟದಿಂದ ಇದನ್ನು ದಿನಕ್ಕೆರಡು ಬಾರಿ ಇಳಿಸಿ ಏರಿಸುವುದು ಹುಡುಗಾಟವಲ್ಲ. ಬೇಸರಪಟ್ಟು ರಾತ್ರಿ ನೀರಿನಲ್ಲಿಯೇ ಬಿಟ್ಟರೆ ಕಳ್ಳರು ಬೆಳಗಾಗುವುದರೊಳಗೆ ಹಗ್ಗ ಕತ್ತರಿಸಿರುತ್ತಾರೆ. ಈಚೆಗೆ ಬಂದಿರುವ ವಿದ್ಯುತ್ ಯಂತ್ರಗಳು ಹಗುರ, ನಿಶ್ಶಬ್ದ. ಆದರೆ ಬ್ಯಾಟರಿಯ ಶಕ್ತಿ ಮುಗಿದರೆ ದಾರಿಯೂ ಮುಗಿಯಿತು.

ಮರಿದೋಣಿಗೆ ಇನ್ನೊಂದು ಗಂಭೀರವಾದ ಕರ್ತವ್ಯ ಒಮ್ಮೊಮ್ಮೆ ಒದಗಿಬರುತ್ತದೆ. ೧೯೭೨ರ ಜೂನ್ ೧೫ರಂದು ಗಾಲಪಗಸ್ ದ್ವೀಪಗಳ ಪಶ್ಚಿಮಕ್ಕೆ ‘ಲೂಸೆಟ್’ ಎಂಬ ಹಾಯಿಹಡಗನ್ನು ಕೊಲೆಗಾರ ತಿಮಿಂಗಿಲಗಳು ಒಡೆದವು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. ಡೂಗಲ್ ರಾಬರ್ಟ್‌ಸನ್, ಅವನ ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ತರುಣ—ಆರು ಜೀವಗಳು ರಬ್ಬರಿನ ಜೀವರಕ್ಷಕ ತೆಪ್ಪವನ್ನೂ ಫೈಬರ್‌ಗ್ಲಾಸಿನ ಮರಿದೋಣಿ ‘ಎಡ್ನಾಮೇರ್’ ಅನ್ನೂ ಆಶ್ರಯಿಸಿದವು. ಹದಿನೇಳನೆಯ ದಿನ ತೆಪ್ಪವು ಸೋತಿತು. ಉಳಿದುದು ಸುಮಾರು ಮೂರು ಮೀಟರಿನ ದೋಣಿಯೊಂದೇ. ಗೇಣುದ್ದವೂ ಮೇಲೆ ಕಾಣದ ಅದರ ಅಂಚನ್ನು ಕಾಯುತ್ತ, ಯಾರೂ ಅಜಾಗರೂಕತೆಯಿಂದ ಮಿಸುಕಾಡದಂತೆ ಕುಳಿತು, ಮಳೆಯ ನೀರು ಕುಡಿದು, ಆಮೆಯ ಮಾಂಸ ತಿಂದು ಅವರು ಬದುಕಿದರು. ೩೮ನೆಯ ದಿನ ಜಪಾನಿನ ಮೀನುಗಾರ ಹಡಗೊಂದು ಅವರನ್ನು ಎತ್ತಿಕೊಂಡಿತು. ಆರು ಮಂದಿಯೂ ಉಳಿದರು.

ಇದರಿಂದ ಗಟ್ಟಿ ದೋಣಿಯೇ ಗೆದ್ದಿತೆಂದು ತೀರ್ಪು ಕೊಡುವುದು ಅವಸರವಾದೀತು. ಮಾರನೆಯ ವರ್ಷ, ೧೯೭೩ರ ಮಾರ್ಚಿನಲ್ಲಿ, ಅದೇ ಸಾಗರದಲ್ಲಿ ತಿಮಿಂಗಿಲದಿಂದ ಹಡಗನ್ನು ಕಳೆದುಕೊಂಡ ಮಾರಿಸ್ ಮತ್ತು ಮರಲಿನ್ ಬೇಲಿ ದಂಪತಿಗಳಿಗೆ ಆಸರೆಯಾದುದು ಗಾಳಿ ತುಂಬಿದ ತೆಪ್ಪವೂ ಗಾಳಿ ತುಂಬಿದ ಮರಿದೋಣಿಯೂ. ಸೋರುವ ಗಾಳಿಯನ್ನು ಮತ್ತೆ ಮತ್ತೆ ತುಂಬಿಸುತ್ತ ಅವರು ೧೧೭ ದಿನ ತೇಲಿದರು. ಜೂನ್ ೩೦ರಂದು ಕೊರಿಯದ ಹಡಗೊಂದು ಅವರನ್ನು ರಕ್ಷಿಸಿತು. ಎರಡೂ ಕಥೆಗಳು ಹೇಳುವುದು ಒಂದೇ ಮಾತನ್ನು: ಪೇಟೆಗೆ ಹೋಗಿಬರಲೆಂದು ಕೊಂಡ ದೋಣಿ ಯಾವ ದಿನ ಮನೆಯಾಗಬೇಕಾದೀತೋ ಬಲ್ಲವರಿಲ್ಲ. ಜೀವರಕ್ಷಕ ತೆಪ್ಪವನ್ನು ಮರಿದೋಣಿಗೆ ಬದಲಾಗಿ ಬಿಡಬಾರದು. ಮರಿದೋಣಿಯನ್ನು ಆಟಿಕೆಯೆಂದು ಬಗೆಯಲೂ ಬಾರದು.

ಕೊನೆಗೆ ಯಾವುದನ್ನು ಆರಿಸಬೇಕು? ತೀರದಿಂದ ತೀರಕ್ಕೆ ದೂರ ಹೋಗಿ, ಮಕ್ಕಳನ್ನೂ ಸಾಮಾನನ್ನೂ ಒಯ್ಯುವವರಿಗೆ ಗಟ್ಟಿ ತಳದ ರಬ್ಬರುದೋಣಿ ಒಪ್ಪುವುದು ನಿಜ. ಆದರೆ ಇಬ್ಬರೇ ಇರುವ ಸಣ್ಣ ಹಡಗಿಗೆ ಮೊಂಡುಮೂತಿಯ, ಹಗುರವಾದ, ನೀರು ತುಂಬಿದರೂ ಮುಳುಗದಂತೆ ಗಾಳಿಪೆಟ್ಟಿಗೆಗಳಿರುವ ಹುಟ್ಟಿನ ದೋಣಿಯೇ ಮೇಲೆಂದು ನನ್ನ ಮತ. ಅದು ನಿಧಾನ, ಆದರೆ ಅದರ ಯಂತ್ರ ಮನುಷ್ಯನ ತೋಳು, ಮತ್ತು ಅದು ಎಣ್ಣೆಯನ್ನು ಬೇಡುವುದಿಲ್ಲ. ಯಾವುದನ್ನೇ ಕೊಳ್ಳಲಿ, ಒಂದು ಪರೀಕ್ಷೆಯನ್ನು ಮಾಡದೆ ಹಣ ಕೊಡಬಾರದು. ದೋಣಿಗೆ ಪೂರ್ಣ ಭಾರ ಹೇರಿ, ಯಂತ್ರವನ್ನು ನಿಲ್ಲಿಸಿ, ದಡದಿಂದ ಕಡಲಿನ ಕಡೆಗೆ ಬೀಸುವ ಗಾಳಿಗೆ ಎದುರಾಗಿ ಹುಟ್ಟು ಹಾಕಿ ನೋಡಬೇಕು. ಹಡಗಿನಲ್ಲಿರುವವರಲ್ಲಿ ಅತ್ಯಂತ ದುರ್ಬಲರಾದವರು ಅದನ್ನು ದಡಕ್ಕೆ ತರಬಲ್ಲರಾದರೆ ಆ ದೋಣಿ ಯೋಗ್ಯ. ತರಲಾರದಿದ್ದರೆ, ಅದು ಎಷ್ಟೇ ವೇಗದ್ದಾಗಿರಲಿ, ಗಾಳಿ ಶಾಂತವಾಗಿರುವ ದಿನಗಳಿಗೆ ಮಾತ್ರ ನೆಂಟ.