ರೋಗಕ್ಕೆ ಧರ್ಮ ಅಂಟಿಸಿದರೆ

ಇನ್ನೊಂದು ಸಾಂಕ್ರಾಮಿಕ ರೋಗ ಬಂದೇ ಬರುತ್ತದೆ. ಆಗ ಸೋಂಕಿತರು ಆಸ್ಪತ್ರೆಗೆ ಬರುತ್ತಾರೋ, ಹೆದರಿ ಮನೆಯೊಳಗೆ ಅಡಗುತ್ತಾರೋ ಎಂಬುದು ಸುದ್ದಿವಾಹಿನಿಗಳು ಬಳಸುವ ಭಾಷೆಯನ್ನೂ ಅವಲಂಬಿಸಿರುತ್ತದೆ. ದೆಹಲಿಯಲ್ಲಿ ಆದದ್ದೇ ಇದಕ್ಕೆ ಸಾಕ್ಷಿ.

2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಜಾಮುದ್ದೀನ್‌ನಲ್ಲಿ, ಮುಸ್ಲಿಂ ಧರ್ಮಪ್ರಚಾರ ಸಂಘಟನೆಯಾದ ತಬ್ಲೀಘಿ ಜಮಾತ್ ಸಭೆ ನಡೆಸಿದ್ದ ಕೇಂದ್ರದಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೊರತರಲಾಯಿತು. ಕಿಕ್ಕಿರಿದ ಆ ಜಾಗದಲ್ಲಿ ಕೊರೊನಾ ಸೋಂಕು ಹರಡಿತ್ತು. ಅದನ್ನು ವರದಿ ಮಾಡಲೇಬೇಕಿತ್ತು. ಆದರೆ ಕೆಲವೇ ದಿನಗಳಲ್ಲಿ ‘ಕೊರೊನಾ ಜಿಹಾದ್’ ಎಂಬ ಮಾತು ಎಲ್ಲೆಡೆ ಹಬ್ಬಿತು. ಕಾಯಿಲೆ ಬಿದ್ದವರು ಸಂಚುಕೋರರಾದರು. ಕೆಲವೆಡೆ ತರಕಾರಿ ಮಾರುವ ಬಡ ಮುಸ್ಲಿಮರನ್ನು ಬೀದಿಗಳಿಂದ ಓಡಿಸಲಾಯಿತು.

ಏಪ್ರಿಲ್ 18ರಂದು ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಂತೆ ದೇಶದ 14,378 ಪ್ರಕರಣಗಳಲ್ಲಿ 4,291 ಈ ಸಭೆಯ ನಂಟಿನವು. ಸಭೆಗೆ ಹೋದವರನ್ನು ರಾಜ್ಯ ರಾಜ್ಯಗಳಲ್ಲಿ ಹುಡುಕಿ ಪರೀಕ್ಷಿಸಲಾಗಿತ್ತು. ಉಳಿದವರಿಗೆ ಆಗ ಪರೀಕ್ಷೆ ಸಿಗುವುದೇ ಕಷ್ಟವಿತ್ತು. ಹೆಚ್ಚು ಹುಡುಕಿದ ಕಡೆ ಹೆಚ್ಚು ಸಿಗುತ್ತದೆ. ಈ ವಿವರಣೆಯಿಲ್ಲದೆ ತೋರಿಸಿದ ಅಂಕಿ, ಸುಳ್ಳಲ್ಲದಿದ್ದರೂ ದಾರಿ ತಪ್ಪಿಸುತ್ತದೆ.

ರೋಗದ ಭಾಷೆಯನ್ನು ಜನರ ಮೇಲೆ ಹೇರಿದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಚೀನಾದ ಷಿನ್‌ಜಿಯಾಂಗ್ ನೋಡಿ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆ ತಂದ ಸರ್ಕಾರಿ ದಾಖಲೆಗಳು, ಬಂಧನದಲ್ಲಿದ್ದವರಿಗೆ ತೀವ್ರವಾದದ ವೈರಸ್ ತಗುಲಿದೆ, ಚಿಕಿತ್ಸೆ ಬೇಕು ಎಂದು ಅವರ ಮಕ್ಕಳಿಗೆ ಹೇಳಲು ಅಧಿಕಾರಿಗಳಿಗೆ ಕಲಿಸಿದ್ದವು. ಅಲ್ಲಿನ ಮುಸ್ಲಿಂ ಸಮುದಾಯವಾದ ಉಯಿಘರರ ಸಾಮೂಹಿಕ ಬಂಧನ ಹೀಗೆ ಆರೈಕೆಯ ವೇಷ ತೊಟ್ಟಿತು. ನಮ್ಮ ಸ್ಥಿತಿ ಅದಲ್ಲ. ಆದರೆ ಒಂದು ಸಮುದಾಯವನ್ನೇ ಸೋಂಕೆಂದು ಕಾಣುವ ಅಭ್ಯಾಸ ಎಲ್ಲಿಯೂ ಅಪಾಯಕಾರಿ.

ಕಳಂಕಕ್ಕೆ ಹೆದರಿದವರು ಕಾಯಿಲೆ ಮುಚ್ಚಿಡುತ್ತಾರೆ, ತಡವಾಗಿ ಚಿಕಿತ್ಸೆಗೆ ಬರುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಮುಚ್ಚಿಟ್ಟ ಸೋಂಕು ಜಾತಿ, ಧರ್ಮ ನೋಡದೆ ಎಲ್ಲರ ಮನೆಗೂ ನುಗ್ಗುತ್ತದೆ.

ಜಮಾತ್ ನಂಟಿನ ಮೊಕದ್ದಮೆ ಎದುರಿಸಿದವರಿಗೆ ನ್ಯಾಯ ಸಿಕ್ಕಿದ್ದು ತಡವಾಗಿ, ಕೆಲವರಿಗೆ ಬಹಳ ತಡವಾಗಿ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಜಮಾತ್‌ನ ವಿದೇಶಿಯರನ್ನು ಬಲಿಪಶು ಮಾಡಲಾಗಿದೆ ಎಂದು ಹೇಳಿ ಅವರ ಮೇಲಿನ ಪೊಲೀಸ್ ಪ್ರಕರಣಗಳನ್ನು ರದ್ದುಪಡಿಸಿ, ಮಾಧ್ಯಮಗಳ ಅಪಪ್ರಚಾರವನ್ನು ಟೀಕಿಸಿತು. 70 ಭಾರತೀಯರ ಮೇಲಿದ್ದ 16 ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದು 2025ರ ಜುಲೈನಲ್ಲಿ, ಐದು ವರ್ಷಗಳ ನಂತರ.

ಕನ್ನಡ ವಾಹಿನಿಗಳೂ ಈ ಅಪಪ್ರಚಾರದಿಂದ ಹೊರತಲ್ಲ. 2021ರ ಜೂನ್‌ನಲ್ಲಿ ಸುದ್ದಿ ಪ್ರಸಾರಕರ ಸ್ವಯಂ ನಿಯಂತ್ರಣ ಪ್ರಾಧಿಕಾರ ತಬ್ಲೀಘಿ ಜಮಾತ್ ಕುರಿತ ಪ್ರಸಾರಗಳಿಗಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ದೂರು ಕೊಟ್ಟದ್ದು ದ್ವೇಷಭಾಷಣದ ವಿರುದ್ಧ ಕೆಲಸ ಮಾಡುವ ಬೆಂಗಳೂರಿನ ನಾಗರಿಕರ ಗುಂಪು.

ಸಂಪಾದಕರೇ, ಸೋಂಕು ಹರಡಿದ ಸ್ಥಳ ಹೇಳಿ, ದಿನಾಂಕ ಹೇಳಿ, ಎಷ್ಟು ಜನರನ್ನು ಪರೀಕ್ಷಿಸಿದರೆಂಬುದನ್ನೂ ಹೇಳಿ. ಧರ್ಮವನ್ನು ರೋಗದ ಕಾರಣವಾಗಿಸಬೇಡಿ. ಓದುಗರೇ, ಅಂಥ ಪ್ರಸಾರ ಕಂಡರೆ ಮುಂದಕ್ಕೆ ಹಂಚಬೇಡಿ. ವಾಹಿನಿಗೆ ಬರೆದು ದೂರು ಕೊಡಿ. ಉತ್ತರ ಸಮಾಧಾನ ತರದಿದ್ದರೆ ಪ್ರಾಧಿಕಾರಕ್ಕೆ ಬರೆಯಿರಿ.