ಬೆಳೆಯುವ ಸೇತುವೆ

ಮಾನವನು ಕಟ್ಟಿದ ವಸ್ತು ಕಟ್ಟಿದ ದಿನದಿಂದಲೇ ಸವೆಯತೊಡಗುತ್ತದೆ. ಕಲ್ಲಿನ ಗೋಡೆಯಾಗಲಿ, ಕಬ್ಬಿಣದ ತೊಲೆಯಾಗಲಿ ಇದಕ್ಕೆ ಹೊರತಲ್ಲ. ಆದರೆ ವರ್ಷಗಳುರುಳಿದಂತೆ ಬಲಗೊಳ್ಳುತ್ತ ಹೋಗುವ ಸೇತುವೆಗಳೂ ನಮ್ಮ ದೇಶದಲ್ಲಿವೆ. ಕೆಲವು ದಿನಗಳ ಹಿಂದೆ ಅಂತರ್ಜಾಲದಲ್ಲಿ ಅಂತಹ ಸೇತುವೆಯೊಂದರ ಚಿತ್ರವನ್ನು ಕಂಡೆವು. ಹಸಿರು ಕಣಿವೆ, ಕೆಳಗೆ ಹರಿಯುವ ತೊರೆ, ಅದರ ಮೇಲೆ ಬೇರುಗಳೇ ಹೆಣೆದುಕೊಂಡ ಎರಡು ಅಂತಸ್ತಿನ ಹಾದಿ! ಯಾರೋ ಕಲ್ಪಿಸಿ ಬರೆದ ಚಿತ್ರವೆಂದು ಮನೆಯ ಮಕ್ಕಳಿಗೆ ಹೇಳಿಯೂಬಿಟ್ಟೆವು. ಬಳಿಕ ವಿಚಾರಿಸಿದಾಗ ತಪ್ಪು ನಮ್ಮದೆಂದು ತಿಳಿಯಿತು.

ಅದು ಮೇಘಾಲಯದ ನಾಂಗ್ರಿಯಾಟ್ ಗ್ರಾಮದ ಸೇತುವೆ. ಚಿರಾಪುಂಜಿಯ ಸಮೀಪದಿಂದ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನಿಳಿದು ಅಲ್ಲಿಗೆ ತಲುಪಬೇಕು. ಚಿರಾಪುಂಜಿಯಲ್ಲಿ ವರ್ಷಕ್ಕೆ ಸರಾಸರಿ 11 ಮೀಟರಿಗೂ ಅಧಿಕ ಮಳೆ ಸುರಿಯುತ್ತದೆ. ಅಂತಹ ಮಳೆಯಲ್ಲಿ ಬಿದಿರಿನ ಸಂಕ ಬಹುಕಾಲ ಬಾಳದು. ಕೊಳೆಯುತ್ತದೆ, ಇಲ್ಲವೇ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಕಾಲುಸಂಕ ದಾಟಿದವರಿಗೆ ಈ ಕಷ್ಟ ಹೊಸದಲ್ಲ.

ಅಲ್ಲಿನ ಖಾಸಿ ಮತ್ತು ಜೈಂತಿಯಾ ಜನರು ಇದಕ್ಕೆ ಕಂಡುಕೊಂಡ ಪರಿಹಾರ ಅಪೂರ್ವವಾದುದು. ನಮ್ಮಲ್ಲಿ ಕುಂಡಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ ರಬ್ಬರ್ ಗಿಡವುಂಟಲ್ಲ, ಆಲ, ಅರಳಿ, ಅತ್ತಿಗಳ ಬಳಗಕ್ಕೆ ಸೇರಿದ ಆ ಗಿಡವು ಅಲ್ಲಿ ಹೆಮ್ಮರವಾಗಿ ಬೆಳೆದು ಬಿಳಲುಗಳನ್ನು ಇಳಿಬಿಡುತ್ತದೆ. ಅವರು ಅದನ್ನು ತೊರೆಯ ದಡದಲ್ಲಿ ನೆಡುತ್ತಾರೆ. ಎಳೆಯ ಬಿಳಲುಗಳನ್ನು ಬಿದಿರಿನ ಆಸರೆಯ ಮೇಲೆ, ಅಥವಾ ಟೊಳ್ಳು ಮಾಡಿದ ಅಡಿಕೆ ದಬ್ಬೆಯೊಳಗೆ, ಎದುರು ದಡದತ್ತ ನಡೆಸುತ್ತಾರೆ. ಅವು ಅಲ್ಲಿನ ಮಣ್ಣನ್ನು ಹೊಕ್ಕು ದಪ್ಪವಾಗುತ್ತವೆ. ಒಂದಕ್ಕೊಂದು ತಾಗಿದ ಬೇರುಗಳು ಕಾಲಕ್ರಮದಲ್ಲಿ ಬೆಸೆದು ಒಂದೇ ಆಗುತ್ತವೆ. ಮಧ್ಯದ ಸಂದುಗಳಿಗೆ ಕಲ್ಲು, ಮಣ್ಣು ತುಂಬಿ ಹಾದಿಯನ್ನು ಸಮಗೊಳಿಸುತ್ತಾರೆ.

ನಿರ್ಭಯವಾಗಿ ನಡೆಯಲು ಯೋಗ್ಯವಾಗುವಷ್ಟರಲ್ಲಿ 10ರಿಂದ 30 ವರ್ಷಗಳೇ ಕಳೆಯಬಹುದು. ಆದುದರಿಂದ ಗಿಡ ನೆಟ್ಟ ವೃದ್ಧನು ಸೇತುವೆಯನ್ನು ದಾಟುವ ಆಸೆಯಿಂದ ನೆಡುವುದಿಲ್ಲ. ಮೊಮ್ಮಕ್ಕಳು ದಾಟಲೆಂದು ನೆಡುತ್ತಾನೆ. ಮಗನು ಬಿಳಲನ್ನು ತಿದ್ದುತ್ತಾನೆ, ಮೊಮ್ಮಗನು ಕಲ್ಲು ಹಾಸುತ್ತಾನೆ. ಇಂಥವನೇ ಶಿಲ್ಪಿಯೆಂದು ಹೆಸರು ಹೇಳಲಾಗದ ಕಲೆಯಿದು.

ಬ್ರಿಟಿಷ್ ಅಧಿಕಾರಿ ಹೆನ್ರಿ ಯೂಲ್ 1844ರಲ್ಲಿಯೇ ಈ ಸೇತುವೆಗಳ ಬಗೆಗೆ ಬರೆದಿದ್ದನು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂತಹ 74 ಸೇತುವೆಗಳನ್ನು ಗುರುತಿಸಿತು. 2022ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಆದರೆ ಕೀರ್ತಿಯೊಡನೆ ಹೊರೆಯೂ ಬಂದಿದೆ. ಚಿತ್ರ ನೋಡಿ ಧಾವಿಸುವ ಪ್ರವಾಸಿಗರು ಬೇರುಗಳನ್ನು ತುಳಿದು ಸವೆಸುತ್ತಾರೆ. ಇನ್ನೊಂದೆಡೆ, ಉಕ್ಕಿನ ಹಗ್ಗದ ಸೇತುವೆ ಬಂದ ಊರುಗಳಲ್ಲಿ ಹಳೆಯದನ್ನು ಪಾಲಿಸುವ ಕೈಗಳು ಕಡಿಮೆಯಾಗುತ್ತವೆ. ಜೀವವಿರುವ ವಸ್ತು ಆರೈಕೆ ತಪ್ಪಿದರೆ ಸೊರಗುವುದು ಸಹಜ.

ಮೂವತ್ತು ವರ್ಷಗಳ ತಾಳ್ಮೆಯನ್ನು ನಾವು ಬೆರಳ ತುದಿಯಿಂದ ಕ್ಷಣಾರ್ಧದಲ್ಲಿ ಹತ್ತು ಮನೆಗಳಿಗೆ ಕಳುಹಿಸುತ್ತೇವೆ. ಕಳುಹಿಸುವುದು ತಪ್ಪಲ್ಲ, ಒಳ್ಳೆಯದನ್ನು ಕಂಡಾಗ ನಾಲ್ವರಿಗೆ ಹಂಚಬೇಕೆಂಬುದು ಮನುಷ್ಯನ ಸದ್ಗುಣವೇ. ಆದರೆ ಚಿತ್ರದ ಜೊತೆಗೆ ಅದರ ಊರನ್ನೂ, ಅದನ್ನು ಬೆಳೆಸಿದವರ ಶ್ರಮವನ್ನೂ ತಿಳಿಸೋಣ. ಸುಳ್ಳೋ ನಿಜವೋ ಎಂದು ಮೊದಲು ವಿಚಾರಿಸೋಣ. ಅವಸರದಲ್ಲಿ ಮಕ್ಕಳಿಗೆ ಹೇಳಿದ ತಪ್ಪನ್ನು ನಾವು ಅಂದು ರಾತ್ರಿಯೇ ಊಟದ ವೇಳೆ ತಿದ್ದಿದೆವು. ಎಲ್ಲವನ್ನೂ ಕೇಳಿದ ಕಿರಿಯ ಮಗಳು ಒಂದೇ ಪ್ರಶ್ನೆ ಹಾಕಿದಳು: "ಹಾಗಾದರೆ ನಾವು ಯಾರಿಗಾಗಿ ಏನು ನೆಟ್ಟಿದ್ದೇವೆ?"

ಉತ್ತರಿಸಲು ನಮಗೆ ಮಾತು ಹೊರಡಲಿಲ್ಲ. ಓದುಗ ಬಂಧುಗಳೇ, ಈ ಪ್ರಶ್ನೆಯನ್ನು ನಿಮ್ಮ ಮನೆಗಳಿಗೂ ಹಂಚುತ್ತಿದ್ದೇವೆ.