ಒಂದು ಬಂಡೆ ಸವೆದರೆ ಇನ್ನೊಂದಿದೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ದೇವಸ್ಥಾನದ ಮೆಟ್ಟಿಲಿನ ಹತ್ತಿರ ಒಂದು ಓರೆ ಬಂಡೆ ಇದೆ. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲೇ ಅಂಗಡಿ ಹೂಡುತ್ತಿದ್ದರಂತೆ; ಅದಕ್ಕೇ ಅದು ಬಳೆಗಾರ ಗುಂಡು. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಗುರುತಿಸುವಷ್ಟರಲ್ಲಿ ಅಕ್ಷರಗಳು ಬಹುಪಾಲು ಸವೆದುಹೋಗಿದ್ದವು.

ಆದರೂ ಆ ಬಂಡೆಯಲ್ಲಿ ಏನಿತ್ತೆಂದು ನಮಗೆ ಗೊತ್ತು. ಅದೇ ಒಕ್ಕಣೆ ಸಿದ್ದಾಪುರದ ಬಂಡೆಯಲ್ಲೂ ಇದೆ, ಊರಿನವರು ಅಕ್ಷರಗುಂಡು ಎನ್ನುವ ಬ್ರಹ್ಮಗಿರಿಯ ಬಂಡೆಯಲ್ಲೂ ಇದೆ. ಮೂರೂ ಕೆಲವೇ ಕಿಲೋಮೀಟರ್ ಅಂತರದವು. ಒಂದರಲ್ಲಿ ಅಳಿದದ್ದನ್ನು ಇನ್ನೊಂದರಲ್ಲಿ ನೋಡಿ ವಿದ್ವಾಂಸರು ತುಂಬಿಕೊಂಡರು.

ಸರ್ವರ್ ಕೋಣೆಯಲ್ಲಿ ದಿನವೂ ನಡೆಯುವ ಕೆಲಸ ಇದೇ. ಹಾರ್ಡ್ ಡಿಸ್ಕ್ ಎಂಬುದು ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ. ಇವತ್ತಲ್ಲ ನಾಳೆ ಅದು ಕೆಡುತ್ತದೆ. ನೂರು ಡಿಸ್ಕ್ ಇಟ್ಟವರಿಗೆ ವರ್ಷಕ್ಕೆ ಒಂದೆರಡು ಕೈಕೊಡುವುದು ಮಾಮೂಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಂಗ್ರಹ 4 ಪೆಟಾಬೈಟ್. ಅಷ್ಟನ್ನು 20 ಟೆರಾಬೈಟಿನ ಡಿಸ್ಕುಗಳಲ್ಲಿ ತುಂಬಿದರೂ ಇನ್ನೂರು ಬೇಕು. ಅಷ್ಟು ಡಿಸ್ಕುಗಳಲ್ಲಿ ಒಂದೂ ಕೆಡಬಾರದು ಎಂದು ಕೂತರೆ ಕೆಲಸ ಸಾಗದು. ಕೆಟ್ಟರೂ ಮಾಹಿತಿ ಉಳಿಯಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ಇದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟು ರೇಡ್ ಎಂದು ಹೆಸರಿಟ್ಟರು: ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಹೋದರೆ ಉಳಿದವು ಅದರ ಹೊಣೆ ಹೊರುವಂತೆ ಮಾಡುವ ಸಾಲು.

ಸಿದ್ದಾಪುರದ ರೀತಿ ರೇಡ್ 1: ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವುದು. ಸರಳ, ಆದರೆ ಎರಡು ಡಿಸ್ಕಿನ ದುಡ್ಡಿಗೆ ಒಂದರ ಜಾಗ. ಜಾಣತನ ಇರುವುದು ರೇಡ್ 5ರಲ್ಲಿ. ಚಳ್ಳಕೆರೆಯ ಶೇಂಗಾ ವ್ಯಾಪಾರಿಯೊಬ್ಬರಿಗೆ ಮೂರು ಗೋದಾಮು ಇವೆ ಎನ್ನಿ: 40 ಚೀಲ, 25 ಚೀಲ, 35 ಚೀಲ. ನಾಲ್ಕನೇ ಚೀಟಿಯಲ್ಲಿ ಒಟ್ಟು ಮಾತ್ರ ಬರೆದಿಡುತ್ತಾರೆ: 100. ಎರಡನೇ ಗೋದಾಮಿನ ಲೆಕ್ಕದ ಪುಸ್ತಕ ಕಳೆದರೆ ನೂರರಿಂದ 40, 35 ಕಳೆದರಾಯಿತು, 25 ಸಿಕ್ಕಿತು. ಡಿಸ್ಕಿನಲ್ಲಿ ಇರುವುದು ಸೊನ್ನೆ ಮತ್ತು ಒಂದು. ಅಲ್ಲಿ ಒಟ್ಟಿನ ಬದಲು ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂದು ಬರೆದಿಟ್ಟರೆ ಸಾಕು. ಇದೇ ಪ್ಯಾರಿಟಿ. ನಾಲ್ಕು ಡಿಸ್ಕು ಕೊಂಡರೆ ಮೂರರ ಜಾಗ ಪೂರ್ತಿ ನಮ್ಮದು. ಎರಡು ಲೆಕ್ಕದ ಪುಸ್ತಕ ಒಟ್ಟಿಗೇ ಕಳೆದರೆ ಮಾತ್ರ ಈ ಚೀಟಿ ಕೆಲಸಕ್ಕೆ ಬಾರದು.

ಅಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಚೇರಿಯಲ್ಲಿ ನಾಲ್ಕು ಡಿಸ್ಕಿನ ಸಾಲಿನಲ್ಲಿ ಒಂದು ಕೆಟ್ಟಿತು. ಕಿರುಗುಡುವ ಅಲಾರಂ ಯಾರೋ ಬಂದ್ ಮಾಡಿದ್ದರು. ಹಳದಿ ದೀಪ ತಿಂಗಳುಗಟ್ಟಲೆ ಉರಿಯುತ್ತಲೇ ಇತ್ತು. ಕೊನೆಗೆ ಹೊಸ ಡಿಸ್ಕ್ ಬಂತು. ಪರದೆಯ ಮೇಲೆ "ಡಿಸ್ಕ್ 2" ಎಂದಿತ್ತು. ಹುಡುಗ ಎಡದಿಂದ ಒಂದು, ಎರಡು ಎಂದು ಎಣಿಸಿ ಎಳೆದ. ಆ ಯಂತ್ರದ ಎಣಿಕೆ ಸೊನ್ನೆಯಿಂದ ಶುರು. ಅವನ ಕೈಗೆ ಬಂದದ್ದು ಚೆನ್ನಾಗಿದ್ದ ಡಿಸ್ಕ್. "ಸಾರ್, ಎರಡು ಅಂತ ಬಂತು, ಎರಡನೇದೇ ತೆಗ್ದೆ" ಎಂದು ನಿಂತ ಅವನ ಮುಖ ಇನ್ನೂ ನೆನಪಿದೆ. ತಪ್ಪು ಅವನೊಬ್ಬನದಲ್ಲ, ಟ್ರೇ ಮೇಲೆ ಸೀರಿಯಲ್ ನಂಬರಿನ ಚೀಟಿ ಅಂಟಿಸದ ನಮ್ಮೆಲ್ಲರದೂ ಹೌದು. ಹಿಂದಿನ ವಾರದ ಬ್ಯಾಕಪ್ ಇತ್ತು. ಉಳಿದ ಆರು ದಿನದ ದಾಖಲೆಯನ್ನು ಕೂತು ಟೈಪ್ ಮಾಡಿದರು.

ಸರಿಯಾದ ಡಿಸ್ಕನ್ನೇ ಬದಲಿಸಿದರೂ ಆತಂಕ ಮುಗಿಯುವುದಿಲ್ಲ. ಹೊಸದನ್ನು ತುಂಬಲು ಉಳಿದ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕು. 20 ಟೆರಾಬೈಟಿನ ಡಿಸ್ಕ್, ಸೆಕೆಂಡಿಗೆ 200 ಮೆಗಾಬೈಟ್ ವೇಗ ಎಂದರೆ 28 ಗಂಟೆ. ಒಂದೇ ದಿನ ಕೊಂಡ, ಅಷ್ಟೇ ವಯಸ್ಸಾದ ಡಿಸ್ಕುಗಳು ಅಷ್ಟು ಹೊತ್ತು ಏದುಸಿರು ಬಿಡುತ್ತ ದುಡಿಯುವಾಗ ಇನ್ನೊಂದು ಕೈಕೊಡುವ ಸಂಭವ ಹೆಚ್ಚು. ಅದಕ್ಕೇ ದೊಡ್ಡ ಸಾಲುಗಳಿಗೆ ಎರಡು ಪ್ಯಾರಿಟಿ ಇರುವ ರೇಡ್ 6 ಬಂತು. ಜೊತೆಗೆ ಒಂದು ಖಾಲಿ ಡಿಸ್ಕನ್ನು ಸದಾ ಸಿದ್ಧವಾಗಿ ಇಟ್ಟಿರುತ್ತಾರೆ, ಕೆಟ್ಟ ಕ್ಷಣದಲ್ಲೇ ಅದು ಕೆಲಸಕ್ಕೆ ಇಳಿಯುತ್ತದೆ. ಕಾಲಕಾಲಕ್ಕೆ ಇಡೀ ಸಾಲನ್ನು ಸುಮ್ಮನೆ ಓದಿಸಿ ನೋಡುವುದೂ ಅಷ್ಟೇ ಮುಖ್ಯ. ಯಾರೂ ತೆರೆಯದ ಕಡತದಡಿಯ ಹಾಳು ಜಾಗ, ಪುನರ್‌ರಚನೆಯ ಹೊತ್ತಿನಲ್ಲೇ ಕಣ್ಣಿಗೆ ಬೀಳಬಾರದು.

ಇಷ್ಟೆಲ್ಲ ಮಾಡಿದರೂ ರೇಡ್ ಬ್ಯಾಕಪ್ ಅಲ್ಲ. ಕಡತವನ್ನು ತಪ್ಪಿ ಅಳಿಸಿದರೆ ಎಲ್ಲ ಪ್ರತಿಯಲ್ಲೂ ಅಳಿಯುತ್ತದೆ, ತಪ್ಪು ಬರೆದರೆ ಎಲ್ಲದರಲ್ಲೂ ತಪ್ಪೇ. ದೂರದ, ಬೇರೆಯದೇ ಆದ ಒಂದು ಪ್ರತಿ ಬೇಕೇ ಬೇಕು. ಸಿದ್ದಾಪುರದ ಸುತ್ತಲಿನ ಮೂರು ಬಂಡೆಗಳನ್ನು ಎಷ್ಟು ಸಲ ಹೋಲಿಸಿ ಓದಿದರೂ ಅಲ್ಲಿ ಸಿಗುವುದು ದೇವಾನಾಂಪಿಯ ಎಂಬ ಬಿರುದು ಮಾತ್ರ. ಅಶೋಕ ಎಂಬ ಹೆಸರು ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ.